ಚಾವಡಿಯಲ್ಲಿ ದಾನವಾದ ಕಾರು

ಸರ್ವೋತ್ತಮ ಶೆಟ್ಟರಿಗೆ ಕಾರು ಬಿಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಂಗಳೂರಿನಲ್ಲಿ ಇದನ್ನು ನಂಬುವವರು ಯಾರೂ ಇಲ್ಲ. ಹೋಟೆಲು ನಡೆಸುತ್ತಿದ್ದಷ್ಟು ಕಾಲ ಅವರಿಗೆ ಡ್ರೈವರ್ ಇದ್ದ. ಹೋಟೆಲು ಮುಚ್ಚಿದ ಮೇಲೆ ಹೆಂಡತಿ ಇದ್ದಾರೆ. ಆ ಹೆಂಡತಿಯೇ ಕುಶಲಾ ಟೀಚರ್. ಕೊಡಿಯಾಲ್‌ಬೈಲಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮರುತಿಂಗಳೇ ಅವರು ತಮ್ಮ ಸ್ವಂತ ದುಡ್ಡಿನಿಂದ, ತಮ್ಮ ಸ್ವಂತ ಹೆಸರಿನಲ್ಲಿ, ಯಾರನ್ನೂ ಕೇಳದೆ ಒಂದು ಕಾರು ತಂದರು. ಅದೂ ಎಂಥ ಕಾರು? ಇಟಲಿಯದ್ದು.

ಊರು ಬಿಟ್ಟು ಹೊರಟಿದ್ದ ಒಬ್ಬ ಡಾಕ್ಟರರ ಕಾರು ಅದು. ಕೆನೆ ಬಣ್ಣ, ದುಂಡಗಿನ ಮೈ, ಎರಡೇ ಬಾಗಿಲು, ಒಳಗೆ ಕೆಂಪು ಚರ್ಮದ ಸೀಟು. ಶಕ್ತಿನಗರದ ಇಳಿಜಾರಿನಲ್ಲಿ ಅದು ಇಳಿದು ಬರುವಾಗ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟು ನೋಡುತ್ತಿದ್ದರು. ನೋಡುವುದಷ್ಟೇ ಆಗಿದ್ದರೆ ಯಾರಿಗೂ ತಕರಾರಿರಲಿಲ್ಲ. ನೋಡಿದವರೆಲ್ಲ ಬುದ್ಧಿಯನ್ನೂ ಹೇಳುತ್ತಿದ್ದರು. ಇಟಲಿ ಕಾರನ್ನು ನಂಬಬಾರದು ಟೀಚರ್, ಪಾರ್ಟ್ ಸಿಗುವುದಿಲ್ಲ ಟೀಚರ್, ಮಾರಿಬಿಡಿ ಟೀಚರ್. ಹಾಲಿನವನು ಹೇಳಿದ, ಬ್ಯಾಂಕಿನವರು ಹೇಳಿದರು, ಜನ್ಮದಲ್ಲಿ ಒಂದು ಸ್ಕ್ರೂ ತಿರುಗಿಸಿ ಗೊತ್ತಿಲ್ಲದ ನಾದಿನಿ ಹೇಳಿದಳು. ಅರುವತ್ತು ದಾಟಿದ ಹೆಂಗಸು ತನಗೆ ಚಂದ ಕಂಡದ್ದೊಂದನ್ನು ಮನೆಗೆ ತಂದರೆ ಊರಿಗೆ ಊರೇ ಹೊಟ್ಟೆ ಉರಿಸಿಕೊಳ್ಳಬೇಕಾ ಎಂದು ಟೀಚರಿಗೆ ಮೈ ಉರಿಯುತ್ತಿತ್ತು.

ಸುಳ್ಳು ಯಾಕೆ ಹೇಳಬೇಕು, ಕಾರು ನಿಲ್ಲುತ್ತಿತ್ತು. ನಂತೂರಿನಲ್ಲಿ ನಿಂತಿತು, ಬೆಂದೂರುವೆಲ್ಲಿನಲ್ಲಿ ನಿಂತಿತು, ಕೊಡಿಯಾಲ್‌ಬೈಲಿನ ನಡುರಸ್ತೆಯಲ್ಲಿ ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ನಿಂತು, ಹಿಂದಿನ ಬಸ್ಸಿನವನ ಹಾರ್ನಿಗೆ ಟೀಚರ ಕಿವಿ ಕಿವುಡಾಯಿತು. ಆದರೆ ಅವರನ್ನು ಕುದಿಸುತ್ತಿದ್ದದ್ದು ಕಾರು ನಿಂತದ್ದಲ್ಲ. ನಿಂತ ಕೂಡಲೇ ನಾಲ್ಕು ಜನ ಓಡಿ ಬರುತ್ತಿದ್ದರು. ಒಳ್ಳೆಯ ಜನರೇ, ತಳ್ಳಲು ಯಾರೂ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಬಂದವರು ಸ್ಟಿಯರಿಂಗ್ ಹಿಡಿದು ಕೂತ ಟೀಚರನ್ನು ದಾಟಿ, ಕಾರಿಗೆ ಸುತ್ತು ಬಂದು, ಎಡಗಡೆ ಸೀಟಿನಲ್ಲಿ ಕೈಕಟ್ಟಿ ಕೂತ ಸರ್ವೋತ್ತಮ ಶೆಟ್ಟರ ಕಿಟಕಿಗೆ ಬಗ್ಗುತ್ತಿದ್ದರು.

"ಎಂತ ಆಯ್ತು ಅಣ್ಣ? ಪೆಟ್ರೋಲ್ ಉಂಟಾ?"

ಶೆಟ್ಟರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು, "ಬ್ಯಾಟರಿ ಇರಬೇಕು" ಎನ್ನುತ್ತಿದ್ದರು. ಬ್ಯಾಟರಿ ಕಾರಿನ ಮುಂದೆ ಇರುತ್ತದೋ ಹಿಂದೆ ಇರುತ್ತದೋ ಅವರಿಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಟೀಚರ್ ಕೀಲಿ ತಿರುಗಿಸಿದರೆ ಕಾರು ಏನೂ ಆಗದ ಹಾಗೆ ಹೊರಡುತ್ತಿತ್ತು, ಬಂದವರು ಶೆಟ್ಟರಿಗೆ ಕೈಬೀಸಿ ಹೋಗುತ್ತಿದ್ದರು.

ಮೂವತ್ತೊಂದು ವರ್ಷ ಮಕ್ಕಳಿಗೆ ಪ್ರಯೋಗದ ಪುಸ್ತಕ ಬರೆಸಿದ ಕೈ ಸುಮ್ಮನಿರುತ್ತದಾ? ಟೀಚರ್ ಒಂದು ನೂರು ಪುಟದ ಪುಸ್ತಕ ತಂದು ಕಾರಿನಲ್ಲೇ ಇಟ್ಟುಕೊಂಡರು. ಎಲ್ಲಿ ನಿಂತಿತು, ಎಷ್ಟು ದೂರ ಓಡಿದ ಮೇಲೆ ನಿಂತಿತು, ಬಿಸಿಲಿತ್ತೋ ಮಳೆಯಿತ್ತೋ, ಎಷ್ಟು ಹೊತ್ತಿನ ಮೇಲೆ ಹೊರಟಿತು, ಎಲ್ಲವನ್ನೂ ಬರೆದರು. ಇಪ್ಪತ್ತೆರಡು ಸಲದ ಲೆಕ್ಕ ಒಂದೇ ಮಾತು ಹೇಳುತ್ತಿತ್ತು: ಎಂಜಿನ್ ಚೆನ್ನಾಗಿ ಬಿಸಿಯಾದಾಗ ನಿಲ್ಲುತ್ತದೆ, ತಣಿದಾಗ ಹೊರಡುತ್ತದೆ. ಬ್ಯಾಟರಿಯ ದೋಷ ಹಾಗೆ ಬರುವುದಿಲ್ಲ. ಎಂಜಿನ್ ತಿರುಗುವುದನ್ನು ಗಮನಿಸುವ ಒಂದು ಸಣ್ಣ ಸೆನ್ಸರ್ ಇರುತ್ತದೆ, ಅದು ಬಿಸಿಗೆ ಕೈಕೊಡುತ್ತಿದೆ ಎಂದು ಟೀಚರಿಗೆ ಅನುಮಾನ ಬಂತು.

ಗ್ಯಾರೇಜಿನ ವಿಲ್ಲಿಗೆ ಇದನ್ನು ಅವರು ಮೂರು ಸಲ ಹೇಳಿದರು. ವಿಲ್ಲಿ ಕೆಲಸ ಗೊತ್ತಿದ್ದವನೇ. "ಆಯ್ತು ಟೀಚರ್, ನೋಡುವ ಟೀಚರ್" ಎಂದು ತಲೆಯಾಡಿಸಿ, ಅಲ್ಲಿಂದ ನೇರ ಶೆಟ್ಟರ ಬಳಿ ಹೋಗಿ, "ಶೆಟ್ರೇ, ಬ್ಯಾಟರಿ ಹೊಸತು ಹಾಕುವನಾ?" ಎಂದು ಕೇಳುತ್ತಿದ್ದ. ಶೆಟ್ಟರು ಹಾಕು ಎನ್ನುತ್ತಿದ್ದರು. ಹಾಗೆ ಬ್ಯಾಟರಿ ಹೊಸತಾಯಿತು, ಪೆಟ್ರೋಲ್ ಪಂಪು ಹೊಸತಾಯಿತು. ಕಾರು ಮಾತ್ರ ನಿಲ್ಲುತ್ತಲೇ ಇತ್ತು. ಕೊನೆಗೆ ಒಂದು ದಿನ ವಿಲ್ಲಿ ಕೈ ಒರೆಸಿಕೊಂಡು, "ಇದು ಇನ್ನು ಆಗುವ ಕೆಲಸ ಅಲ್ಲ ಶೆಟ್ರೇ" ಎಂದ. ಶೆಟ್ರೇ! ಕಾರಿನ ಯಜಮಾನಿ ಎರಡು ಮಾರು ದೂರದಲ್ಲಿ ನಿಂತಿದ್ದರು.

ಕಾರು ಗ್ಯಾರೇಜಿನಲ್ಲಿ ಹಾಗೇ ಉಳಿದಿದ್ದ ವಾರ ಕಾವೂರಿನಲ್ಲಿ ಶೆಟ್ಟರ ಕುಟುಂಬದ ಮನೆಯಲ್ಲಿ ದೈವಗಳಿಗೆ ಬಡಿಸುವ ಪರ್ವ. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಸೇರುವ ದಿನ. ಊಟದ ಮೇಲೆ ಗಂಡಸರು ಮನೆಯ ಮುಂದಿನ ಚಾವಡಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತರು. ಶೆಟ್ಟರ ತಂಗಿಯ ಮಗ ತುಷಾರ್ ಬಂದು ಮಾವನ ಪಕ್ಕ ಕೂತ. ಮದುವೆ ಹಾಲ್‌ಗಳ ಅಲಂಕಾರ ಮಾಡಿಸುವುದು ಅವನ ವ್ಯಾಪಾರ.

ಬಂಟರ ಮನೆಯಲ್ಲಿ ಸೋದರಮಾವ ಎಂದರೆ ಏನು, ಅಳಿಯ ಎಂದರೆ ಏನು ಎಂದು ಬಲ್ಲವರಿಗೆ ಬೇರೆ ಹೇಳಬೇಕಿಲ್ಲ. ಒಂದು ಕಾಲದಲ್ಲಿ ಮಾವನ ಆಸ್ತಿ ಅಳಿಯನಿಗೇ ಹೋಗುತ್ತಿತ್ತು. ಆ ಕಾನೂನು ಹೋಗಿ ಎಷ್ಟೋ ಕಾಲವಾಯಿತು, ಮಾವಂದಿರ ಹುಮ್ಮಸ್ಸು ಮಾತ್ರ ಹೋಗಿಲ್ಲ. ಹೋಟೆಲು ಮುಚ್ಚಿದ ಮೇಲೆ ಸರ್ವೋತ್ತಮ ಶೆಟ್ಟರ ಕೈಯಲ್ಲಿ ಅಳಿಯನಿಗೆ ಕೊಡಲು ಏನೂ ಉಳಿದಿರಲಿಲ್ಲ. ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಪಾಪ ಎನ್ನಬಹುದು. ಆದರೆ ಅವರು ಮಾಡಿದ್ದನ್ನು ಕೇಳಿದರೆ ಪಾಪ ಎನ್ನಲು ಮನಸ್ಸು ಬರುವುದಿಲ್ಲ.

"ಮಾವ, ಅತ್ತೆಯ ಆ ಕಾರು ಹೋಯ್ತಂತೆ ಅಲ್ವಾ?" ಎಂದ ತುಷಾರ್. "ನನಗೆ ಕೊಡಿ. ಓಡುವುದು ಬೇಡ ಮಾವ, ನಿಂತರೆ ಸಾಕು. ಮದುವೆ ಹಾಲ್‌ನ ಬಾಗಿಲಲ್ಲಿ ಇಡುವುದು. ಎಂಜಿನ್ ಇಳಿಸಿದರೆ ಬಾನೆಟಿನ ಒಳಗೆ ಒಳ್ಳೆ ಜಾಗ ಸಿಗ್ತದೆ, ಅದರ ತುಂಬ ಹೂ ಹಾಕಿದರೆ ಮದುಮಕ್ಕಳ ಫೋಟೋ ಎಷ್ಟು ಲಾಯ್ಕ ಬರ್ತದೆ ಗೊತ್ತುಂಟಾ!"

"ಕೊಟ್ಟೆ, ತಗೊಂಡು ಹೋಗು," ಎಂದರು ಶೆಟ್ಟರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಹಿರಿಯರು ತಲೆದೂಗಿದರು.

ಟೀಚರ್ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. "ಒಳ್ಳೆಯದಾಯ್ತು ಅತ್ತಿಗೆ, ಒಂದು ಪೀಡೆ ಕಳೀತು" ಎಂದು ನಾದಿನಿ ಬೆನ್ನು ತಟ್ಟಿದಳು. ದೈವಕ್ಕೆ ಬಡಿಸಿದ ದಿನ, ಆ ಮನೆಯಲ್ಲಿ ನಿಂತು ಜಗಳ ಆಡಬಾರದೆಂದು ಟೀಚರ್ ಹಲ್ಲು ಕಚ್ಚಿ ಸುಮ್ಮನಾದರು. ಮರಳುವಾಗ ಆಟೋದಲ್ಲಿ ಮಾತ್ರ ತಡೆಯಲಾಗಲಿಲ್ಲ.

"ಅದು ನನ್ನ ಕಾರು."

"ಹೌದು ಮಾರಾಯ್ತಿ, ನಿನ್ನದೇ. ಆದರೆ ಹಾಳಾಗಿದೆಯಲ್ಲ."

"ಹಾಳಾದ್ರೆ ನಿಮ್ಮದಾಗ್ತದಾ?"

ಶೆಟ್ಟರು ಹೊರಗೆ ನೋಡಿದರು. ಆಟೋದವನು ಕನ್ನಡಿಯಲ್ಲಿ ಇವರನ್ನು ನೋಡಿದ. ಟೀಚರಿಗೆ ಒಂದು ಧೈರ್ಯವಿತ್ತು: ಕಾರು ತಮ್ಮ ಹೆಸರಿನಲ್ಲಿದೆ, ತಾವು ಸಹಿ ಹಾಕದೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಅಷ್ಟು ಕಲಿತವರಿಗೂ ಒಂದು ಸಂಗತಿ ಹೊಳೆಯಲಿಲ್ಲ. ಓಡಿಸುವ ಕಾರಿಗಾದರೆ ಕಾಗದಪತ್ರ ಬೇಕು, ಹೂವಿನ ಕುಂಡಕ್ಕೆ ಯಾರು ಕಾಗದ ಕೇಳುತ್ತಾರೆ?

ಗುರುವಾರ ಬೆಳಿಗ್ಗೆ ಶೆಟ್ಟರು ವಾಕಿಂಗಿಗೆಂದು ಹೋದವರು ಬಂದಿರಲಿಲ್ಲ. ವಿಲ್ಲಿಯ ಫೋನು ಬಂತು.

"ಟೀಚರ್, ಕಾರಿನಲ್ಲಿ ನಿಮ್ಮ ಒಂದು ಪುಸ್ತಕ ಉಂಟು. ಬೇಕಾದ್ದೋ ಏನೋ. ಶೆಟ್ರು ಬಂದಿದ್ದಾರೆ, ಈಗ ಎಂಜಿನ್ ಇಳಿಸ್ತೇವೆ. ಹತ್ತು ಗಂಟೆಗೆ ತುಷಾರಣ್ಣನ ಟೆಂಪೋ ಬರ್ತದೆ."

ಟೀಚರ್ ಉಟ್ಟ ಸೀರೆಯಲ್ಲೇ ಮನೆಯಿಂದ ಇಳಿದು ಎದುರು ಸಿಕ್ಕಿದ ಆಟೋ ಹತ್ತಿದರು. ಗ್ಯಾರೇಜಿಗೆ ಹೋಗಿ ನೋಡಿದರೆ ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿ ಆಗಿತ್ತು. ವಿಲ್ಲಿ ಸ್ಪಾನರ್ ಹಿಡಿದು ಬಗ್ಗಿದ್ದ. ಶೆಟ್ಟರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಹೆಂಡತಿಯನ್ನು ಕಂಡು ಎದ್ದು ನಿಂತರು.

"ವಿಲ್ಲಿ, ಸ್ಪಾನರ್ ಕೆಳಗಿಡಿ. ಆ ಪುಸ್ತಕ ತೆಗೆದು ಗಟ್ಟಿಯಾಗಿ ಓದಿ."

"ಟೀಚರ್, ನಾನು..."

"ಓದಿ."

ಐವತ್ತು ದಾಟಿದ ವಿಲ್ಲಿ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನ ಹಾಗೆ ಓದತೊಡಗಿದ. ನಂತೂರು, ಹದಿನಾಲ್ಕು ಕಿಲೋಮೀಟರ್, ಬಿಸಿಲು, ಇಪ್ಪತ್ತೈದು ನಿಮಿಷದ ಮೇಲೆ ಹೊರಟಿತು. ಬೆಂದೂರುವೆಲ್, ಹನ್ನೆರಡು ಕಿಲೋಮೀಟರ್, ಬಿಸಿಲು, ಅರ್ಧ ಗಂಟೆ. ಆರನೆಯ ಸಾಲಿಗೆ ಅವನ ಸ್ವರ ಇಳಿಯಿತು, ಒಂಬತ್ತನೆಯದಕ್ಕೆ ನಿಲ್ಲಿಸಿ ಎಂಜಿನಿನ ಕೆಳಭಾಗವನ್ನು ಒಮ್ಮೆ ನೋಡಿದ.

"ಇದು ಕ್ರ್ಯಾಂಕ್ ಸೆನ್ಸರ್ ಇರಬಹುದು ಟೀಚರ್."

"ಇರಬಹುದು ಅಂತ ನಾನು ಮೂರು ಸಲ ಹೇಳಿದೆ. ಮೂರು ಸಲವೂ ನೀವು ಇವರನ್ನು ಕೇಳಲಿಕ್ಕೆ ಹೋದ್ರಿ. ಇವರಿಗೆ ಎಂತ ಗೊತ್ತುಂಟು? ಬಾಗಿಲು ಹಾಕಲಿಕ್ಕೆ ಗೊತ್ತುಂಟು, ಅಷ್ಟೇ!"

ವಿಲ್ಲಿ ತಲೆ ತಗ್ಗಿಸಿ, "ತಪ್ಪಾಯ್ತು ಟೀಚರ್. ಆದರೆ ಅದು ಇಲ್ಲಿ ಸಿಗುದಿಲ್ಲ, ಹೊರಗಿಂದ ತರಿಸಬೇಕು, ಹತ್ತು ದಿನ ಆದೀತು" ಎಂದ.

ಸರ್ವೋತ್ತಮ ಶೆಟ್ಟರು ಚಾದ ಗ್ಲಾಸು ಕೆಳಗಿಟ್ಟರು. "ಕುಶಲಾ, ಕೋಪ ಮಾಡಬೇಡ. ಚಾವಡಿಯಲ್ಲಿ ಕೂತು ಮಾತು ಕೊಟ್ಟಾಗಿದೆ. ನಾನು ಈಗ ಇಲ್ಲ ಅಂದ್ರೆ ಎಂತ ಮರ್ಯಾದೆ ಉಳೀತದೆ?"

"ನಿಮ್ಮ ಮಾತು!" ಎಂದರು ಟೀಚರ್. "ನಿಮ್ಮ ತಂಗಿಯ ಮದುವೆಗೆ ಬಳೆ ಕೊಡ್ತೇನೆ ಅಂತ ಮಾತು ಕೊಟ್ಟವರು ನೀವು, ಬಿಚ್ಚಿ ಕೊಟ್ಟವಳು ನಾನು. ಕುಟುಂಬದವರಿಗೆಲ್ಲ ನಮ್ಮ ಮನೆಯಲ್ಲೇ ಊಟ ಅಂತ ಹೇಳಿದವರು ನೀವು, ಶಾಲೆಗೆ ರಜೆ ಹಾಕಿ ಬೇಯಿಸಿದವಳು ನಾನು. ಮೂವತ್ತಾರು ವರ್ಷ ನೀವು ಮಾತು ಕೊಟ್ರಿ, ನಾನು ನಡೆಸಿದೆ. ನಿಮಗೆ ಮರ್ಯಾದೆ ಬಂತು. ನನಗೆ ಅಂತ ನಾನು ತಂದದ್ದು ಇದೊಂದು. ಇದರ ಹೊಟ್ಟೆ ಬಗೆದು ಹೂ ತುಂಬಿಸಲಿಕ್ಕೆ ಕೊಟ್ರಲ್ಲ, ಒಂದು ಮಾತು ಕೇಳಬೇಕು ಅಂತ ಆಗಲಿಲ್ವಾ ನಿಮಗೆ?"

ಶೆಟ್ಟರು ಮುಖ ಒರೆಸಿಕೊಂಡರು. ಕೊನೆಗೆ ಮೆಲ್ಲ, "ಈಗ ಎಂತ ಮಾಡ್ಬೇಕು ಹೇಳು" ಎಂದರು.

"ಅಳಿಯನಿಗೆ ಫೋನ್ ಮಾಡಿ. ಕೊಟ್ಟವರು ನೀವು, ಇಲ್ಲ ಅನ್ನುವವರೂ ನೀವೇ."

"ಕಾರು ಸರಿಯಾಯ್ತು ಅಂತ ಹೇಳ್ಲಾ?"

"ಸುಳ್ಳು ಬೇಡ. ಸರಿಯಾಗಿಲ್ಲ. ಸೆನ್ಸರ್ ಹಾಕಿದ ಮೇಲೂ ನಿಂತರೂ ನಿಲ್ಲಬಹುದು. ನಿಂತರೂ ನನ್ನದೇ."

ಶೆಟ್ಟರು ಫೋನು ಹಚ್ಚಿದರು. ಟೀಚರ್ ಕೈ ನೀಡಿ ಸ್ಪೀಕರ್ ಒತ್ತಿದರು.

"ಮಾವ, ಟೆಂಪೋ ಹೊರಟಿದೆ, ಇನ್ನು ಅರ್ಧ ಗಂಟೆ," ಎಂದಿತು ತುಷಾರನ ಸ್ವರ.

"ಟೆಂಪೋ ವಾಪಸ್ ಕರೆಸು ಮಗ. ಕಾರು ಕೊಡ್ಲಿಕ್ಕಿಲ್ಲ."

"ಎಂತ ಮಾವ ಇದು? ಎಲ್ಲರ ಎದುರು ಹೇಳಿದ್ದಲ್ವಾ? ಮದುವೆ ಪಾರ್ಟಿಯವರಿಗೆ ನಾನು ಫೋಟೋ ಕೂಡ ಕಳಿಸಿ ಆಯ್ತು. ನಿಮ್ಮ ಮಾತಿಗೆ ಬೆಲೆ ಇಲ್ವಾ ಹಾಗಾದ್ರೆ?"

ಆ ಪ್ರಶ್ನೆಯನ್ನು ಸರ್ವೋತ್ತಮ ಶೆಟ್ಟರಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವರ ಕಿವಿ ಕೆಂಪಾಯಿತು. ಹೆಂಡತಿಯ ಮುಖ ನೋಡಿದರು. ಅಲ್ಲಿ ಕರುಣೆಯ ಸುಳಿವೂ ಇರಲಿಲ್ಲ.

"ಇದರಲ್ಲಿ ಇಲ್ಲ," ಎಂದರು. "ಕಾರು ನನ್ನದಲ್ಲ, ನಿನ್ನ ಅತ್ತೆಯದ್ದು. ಅವಳನ್ನು ಕೇಳದೆ ಕೊಟ್ಟದ್ದು ನನ್ನ ತಪ್ಪು."

"ಕುಟುಂಬದವರು ಕೇಳಿದ್ರೆ ನಾನು ಎಂತ ಹೇಳುದು ಮಾವ?" ಎಂದ ತುಷಾರ್.

"ನೀನು ಎಂತದೂ ಹೇಳುದು ಬೇಡ. ಮುಂದಿನ ಪರ್ವದ ದಿನ ಚಾವಡಿಯಲ್ಲಿ ನಾನೇ ಹೇಳ್ತೇನೆ."

ಶೆಟ್ಟರು ಫೋನು ಇಡಲು ಬೆರಳು ತಂದರು. ಟೀಚರ್ ಆ ಕೈ ಹಿಡಿದರು.

"ಒಂದು ವರ್ಷ ಯಾಕೆ ಕಾಯುದು?" ಎಂದರು. "ಬರುವ ಭಾನುವಾರವೇ ಕಾವೂರಿಗೆ ಹೋಗುವ. ಎಲ್ಲರೂ ಇರ್ಬೇಕು ಅಂತ ಅವನಿಗೆ ಈಗಲೇ ಹೇಳಿ, ನನ್ನ ಎದುರು."