ಮೊದಲ ಸಂಚಿಕೆಯ ಆರನೆಯ ಹೆಜ್ಜೆ

ನಲವತ್ತು ಪ್ರತಿಯ ಪತ್ರಿಕೆಗೆ ಒಬ್ಬ ಸಂಪಾದಕ ಬೇಕೇ ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಅವನು ಆಗಿಬಿಟ್ಟಿದ್ದ. ವಾರಕ್ಕೆ ಆರು ದಿನ ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಫೋನ್ ಎತ್ತಿ, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರಿಗೆ ಗಾಬರಿಯಾಗಬೇಡಿ ಎಂದು ಹೇಳುವುದು ಅವನ ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸವೆಂದರೆ ಲಿನಕ್ಸ್. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಂಡು, ತಮಗೆ ಬೇಕಾದಂತೆ ತಿದ್ದಿಕೊಂಡು, ಪಕ್ಕದ ಮನೆಯವರಿಗೂ ಹಂಚಬಹುದಾದ, ಮುದಿ ಕಂಪ್ಯೂಟರನ್ನೂ ಎಬ್ಬಿಸಿ ಕೂರಿಸುವ ವ್ಯವಸ್ಥೆ ಅದು. ಅದರ ಬಗ್ಗೆ ಅವನು ಬಾಯಿ ತೆರೆದರೆ ಸಾಕು, ಎದುರಿಗಿದ್ದವರಿಗೆ ತಟ್ಟನೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕಿವಿ ಕೊಡದವರು ಕಣ್ಣಾದರೂ ಕೊಡಲಿ ಎಂದು ಪತ್ರಿಕೆ ಹುಟ್ಟಿತು. ಹದಿನಾರು ಪುಟ, ಹಿಂದಿನ ರಟ್ಟಿಗೆ ಅಂಟಿಸಿದ ಒಂದು ಸಿ.ಡಿ., ನಡುಪುಟದಲ್ಲಿ ‘ಹತ್ತೇ ಹೆಜ್ಜೆಗಳಲ್ಲಿ ನೀವೇ ಹಾಕಿಕೊಳ್ಳಿ’ ಎಂಬ ಲೇಖನ.

"ಸಂಪಾದಕರೇ, ಸಂಪಾದನೆ ಯಾವಾಗ ಶುರು?" ಎಂದು ಅಕ್ಕನ ಗಂಡ ಕೇಳಿದ್ದರು. ಅಂದಿನಿಂದ ಮನೆಮಂದಿಯೆಲ್ಲ ಅವನನ್ನು ಸಂಪಾದಕ ಎಂದೇ ಕರೆಯತೊಡಗಿದರು.

ಶನಿವಾರ ಸಂಜೆಯೊಳಗೆ ನಲವತ್ತೂ ಪ್ರತಿ ಹಂಚಿಹೋದವು. ಭಾನುವಾರ ಹನ್ನೊಂದು ಗಂಟೆಗೆ ಫೋನ್ ಬಂತು. ಪತ್ರಿಕೆಯನ್ನು ಹೊಲಿದುಕೊಟ್ಟ ಗೆಳೆಯ, ಬೈಂಡಿಂಗ್ ಅಂಗಡಿಯವನು.

"ಆರನೇ ಹೆಜ್ಜೆಗೆ ಬಂದಿದೀನಿ ಕಣೋ. ಮೊದಲನೇ ಆಯ್ಕೆ ಒತ್ತಿ ಅಂತ ಬರ್ದಿದೀಯ. ಇಲ್ಲಿ ಮೊದಲನೇದು ‘ಹಾರ್ಡ್ ಡಿಸ್ಕ್ ಪೂರ್ತಿ ಅಳಿಸು’ ಅಂತಿದೆ. ಒತ್ಲಾ?"

ಸಂಪಾದಕನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಒತ್ತಬೇಡ ಎಂದು ಹೇಳಿ ಫೋನ್ ಇಟ್ಟ. ಆದದ್ದೇನೆಂದು ತಿಳಿಯಲು ಅವನಿಗೆ ಅರೆಗಳಿಗೆಯೂ ಹಿಡಿಯಲಿಲ್ಲ. ಹತ್ತು ಹೆಜ್ಜೆಗಳನ್ನು ಅವನು ಬರೆದದ್ದು ಕಚೇರಿಯವರು ಬಿಸಾಕಿದ ಒಂದು ಕಂಪ್ಯೂಟರನ್ನು ಎದುರಿಗಿಟ್ಟುಕೊಂಡು. ಅದರ ಡಿಸ್ಕ್ ಖಾಲಿ. ಖಾಲಿ ಡಿಸ್ಕಿನಲ್ಲಿ ಅಳಿಸುವುದಕ್ಕೆ ಏನೂ ಇಲ್ಲದ್ದರಿಂದ ಮೊದಲನೆಯ ಆಯ್ಕೆ ನಿರಪಾಯ. ಜನರ ಮನೆಯ ಕಂಪ್ಯೂಟರುಗಳಲ್ಲಿ ಬದುಕೇ ತುಂಬಿರುತ್ತದೆ. ಅಲ್ಲಿ ಅದೇ ಜಾಗದಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ ಬಂದು ಕೂರುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದಕ್ಕೇ ಮೊದಲ ಕರಡಿನಲ್ಲಿ, ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಂಡ ಹೊರತು ಮುಂದುವರಿಯಬೇಡಿ, ಆಯ್ಕೆಗಳನ್ನು ಓದಿ ಒತ್ತಿ ಎಂದು ಹನ್ನೊಂದು ಸಾಲು ಬರೆದಿದ್ದ. ಆಮೇಲೆ ಸಂಪಾದಕೀಯ ಹನ್ನೊಂದು ಸಾಲು ಹೆಚ್ಚಾಯಿತು. ಸಂಪಾದಕೀಯದಲ್ಲಿ ಸ್ವಾತಂತ್ರ್ಯ ಎಂಬ ಮಾತು ಹದಿನಾಲ್ಕು ಸಲ ಬಂದಿತ್ತು. ಒಂದನ್ನೂ ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಕತ್ತರಿ ಎಲ್ಲಿ ಬಿತ್ತೆಂದು ಬೇರೆ ಹೇಳಬೇಕಿಲ್ಲ. ಸಾಲದ್ದಕ್ಕೆ ಏಳನೆಯ ಹೆಜ್ಜೆಯಲ್ಲಿ, ‘ಖಚಿತವೇ ಎಂದು ಯಂತ್ರ ಕೇಳುತ್ತದೆ, ಹೆದರದೆ ಹೌದು ಎನ್ನಿ’ ಎಂದು ಧೈರ್ಯ ಬೇರೆ ತುಂಬಿದ್ದ.

ಪಟ್ಟಿ ಹಿಡಿದು ಕುಳಿತ. ಹೆಸರು, ಫೋನ್ ನಂಬರು. ಒಂದು ಗಂಟೆಯೊಳಗೆ ಮೂವತ್ತೆಂಟು ಜನರನ್ನು ಹಿಡಿದ. ಕನ್ನಡಕದ ಅಂಗಡಿಯಾಕೆ ಪತ್ರಿಕೆಯನ್ನು ಕುಂಟುವ ಮೇಜಿನ ಕಾಲಿಗೆ ಕೊಟ್ಟಿದ್ದರು. ಸಂಗೀತದ ಮೇಷ್ಟ್ರು ಸಿ.ಡಿ.ಯಲ್ಲಿ ಹಾಡೇ ಇಲ್ಲವಲ್ಲ ಎಂದು ದೂರಿದರು. ಉಳಿದವರಿಗೆ ಪತ್ರಿಕೆ ಎಲ್ಲಿಟ್ಟೆವೆಂಬುದೇ ನೆನಪಿರಲಿಲ್ಲ. ತನ್ನ ಬರವಣಿಗೆಯನ್ನು ಯಾರೂ ಓದಿಲ್ಲ ಎಂದು ತಿಳಿದು ಹೀಗೆ ಉಸಿರು ಬಿಟ್ಟ ಸಂಪಾದಕ ಇನ್ನೊಬ್ಬನಿರಲಾರ.

ಮೂವತ್ತೆಂಟು, ಬೈಂಡರನದೊಂದು, ಮೂವತ್ತೊಂಬತ್ತು. ನಲವತ್ತನೆಯದು ಪಟ್ಟಿಯಲ್ಲೇ ಇರಲಿಲ್ಲ. ಓದುವವರಿಗಷ್ಟೇ ಪಟ್ಟಿ ಎಂದು, ಅಕ್ಕನ ಮನೆಯ ಮೇಜಿನ ಮೇಲೆ ಸುಮ್ಮನೆ ಎಸೆದು ಬಂದಿದ್ದ ಪ್ರತಿ ಅದು.

ಆ ಮೇಜಿನ ಮೇಲೇ ಅಕ್ಕನ ಕಂಪ್ಯೂಟರ್. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ಬಂದು, ಕಣ್ಣು ಕಾಣದ ಮಕ್ಕಳ ಶಾಲೆಗಾಗಿ ವಿಜ್ಞಾನದ ಪುಸ್ತಕವನ್ನು ಅವಳು ಒಂದೂವರೆ ವರ್ಷದಿಂದ ಓದಿ ಧ್ವನಿಮುದ್ರಿಸುತ್ತಿದ್ದಳು. ಎಪ್ಪತ್ತೆರಡು ಪಾಠ. ತಪ್ಪೆಲ್ಲ ತಿದ್ದಿ ಒಟ್ಟಿಗೇ ಕೊಡುತ್ತೇನೆ ಎಂದು ಒಂದನ್ನೂ ಇನ್ನೂ ಕೊಟ್ಟಿರಲಿಲ್ಲ. ಮಕ್ಕಳ ಪರೀಕ್ಷೆಗೆ ಒಂದು ತಿಂಗಳಿತ್ತು.

ಅಕ್ಕನಿಗೆ ಅಂದು ಭಾನುವಾರದ ಪಾಳಿ. ಲ್ಯಾಬಿನೊಳಗೆ ಫೋನ್ ಬಿಡುವುದಿಲ್ಲ. ಭಾವನ ಫೋನ್ ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಅವನು ಓಡಿದ. ಸಿಗ್ನಲ್ಲಿನಲ್ಲಿ ಏದುಸಿರು ಬಿಡುತ್ತ ನಿಂತಾಗ, ಗಾಬರಿಯಾಗಬೇಡಿ ಎಂದು ದಿನಕ್ಕೆ ಮೂವತ್ತು ಸಲ ಹೇಳುವ ತನ್ನ ಮಾತಿನ ಬೆಲೆ ಎಷ್ಟೆಂದು ತಿಳಿಯಿತು. ಮೂರು ಕಾಸು.

ಬಾಗಿಲು ತೆರೆದೇ ಇತ್ತು. ಭಾವ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವರು. ಯಾವ ಕಾಗದವನ್ನೂ ಗೆರೆ ಬಿಡದೆ ಓದುವ ಜಾತಿ. ನಡುಪುಟದ ಮೇಲೆ ಸ್ಕೇಲು ಇಟ್ಟುಕೊಂಡು, ಮುಗಿದ ಒಂದೊಂದು ಹೆಜ್ಜೆಯ ಪಕ್ಕದಲ್ಲೂ ಪೆನ್ಸಿಲಿನಿಂದ ಗುರುತು ಹಾಕಿದ್ದರು. ಎಂಟು ಗುರುತು ಬಿದ್ದಿದ್ದವು. ಪರದೆಯ ಮೇಲೆ, ಲಿನಕ್ಸ್ ಎಷ್ಟು ಇಳಿಯಿತೆಂದು ತೋರಿಸುವ ನೀಲಿ ಪಟ್ಟಿ ಕಾಲುಭಾಗ ತುಂಬಿತ್ತು.

ಅವನು ನೇರವಾಗಿ ಹೋಗಿ ಗೋಡೆಯಿಂದ ಪ್ಲಗ್ ಕಿತ್ತ.

"ಏಯ್, ಮಧ್ಯದಲ್ಲಿ ಕರೆಂಟ್ ತೆಗೀಬಾರದು ಅಂತ ಒಂಬತ್ತರಲ್ಲಿ ನೀನೇ ಬರ್ದಿದೀಯಲ್ಲೋ," ಅಂದರು ಭಾವ.

ಅವನು ವಿಷಯ ಹೇಳಿದ. ಭಾವ ಸ್ಕೇಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. ಓದುವಾಗ ನಡುನಡುವೆ ಕಂಪ್ಯೂಟರ್ ನಿಂತುಬಿಡುತ್ತದೆಂದು ಹೆಂಡತಿ ಗೊಣಗುತ್ತಿದ್ದಳಂತೆ. ಅವಳು ಬರುವಷ್ಟರಲ್ಲಿ ಸರಿಮಾಡಿಟ್ಟು ಬೆರಗುಗೊಳಿಸೋಣ ಎಂದುಕೊಂಡಿದ್ದರಂತೆ. "ಇಷ್ಟು ವರ್ಷದಲ್ಲಿ ನಿನ್ನ ಮಾತನ್ನ ಒಂದು ದಿನ ಕೇಳಿದೆ ನೋಡು," ಅಂದರು. ದನಿಯಲ್ಲಿ ಎಂದಿನ ಕುಚೋದ್ಯವಿರಲಿಲ್ಲ.

ಫೋನ್ ಮಾಡಿದ್ದೇ ತಡ, ಬೈಂಡರ್ ತನ್ನ ಅಂಗಡಿಯ ಕಂಪ್ಯೂಟರನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಅಕ್ಕನ ಡಿಸ್ಕನ್ನು ಬಿಚ್ಚಿ ಅದಕ್ಕೆ ಜೋಡಿಸಿದರು. ಅಳಿಸಿಹೋದ ಕಡತಗಳನ್ನು ಡಿಸ್ಕಿನ ಮೂಲೆಮೂಲೆಯಿಂದ ಹೆಕ್ಕುವ ತಂತ್ರಾಂಶವೊಂದಿದೆ. ಹೊಸದು ಮೇಲೆ ಬಂದು ಕೂತ ಕಡೆ ಅದರ ಆಟವೂ ನಡೆಯುವುದಿಲ್ಲ. ಹೆಕ್ಕಿದ್ದಕ್ಕೂ ಹೆಸರಿರುವುದಿಲ್ಲ, ಬರೀ ಅಂಕೆ. ಮೂರು ಗಂಟೆಗೆ ಹನ್ನೆರಡು ಪಾಠ ಸಿಕ್ಕಿದ್ದವು. ನಾಲ್ಕಕ್ಕೆ ನಲವತ್ತು. ಅರವತ್ತೊಂದಕ್ಕೆ ಲೆಕ್ಕ ನಿಂತಿತು. ಆಮೇಲೆ ಎಷ್ಟು ಹೊತ್ತು ಕಣ್ಣುಕೀಲಿಸಿ ಕೂತರೂ ಅದು ಮುಂದಕ್ಕೆ ಸರಿಯಲಿಲ್ಲ. ಬೈಂಡರ್ ಕಂಪ್ಯೂಟರನ್ನು ಅಲ್ಲೇ ಬಿಟ್ಟು, ಯಾರ ಮುಖವನ್ನೂ ನೋಡದೆ ಹೊರಟ.

"ನಾನೇ ಒತ್ತಿದೆ ಅಂತೀನಿ," ಅಂದರು ಭಾವ. "ಸುಳ್ಳೇನಲ್ಲವಲ್ಲ. ನನ್ನ ಹತ್ರ ಎರಡು ದಿನ ಮಾತು ಬಿಡ್ತಾಳೆ, ಅಷ್ಟೇ."

ಆ ಮಾತಿಗೆ ಹಾಯೆನಿಸಿತೆಂಬುದು ಅವನನ್ನು ಆಮೇಲೆ ಬಹಳ ದಿನ ಮುಳ್ಳಿನಂತೆ ಚುಚ್ಚಿತು. ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಅಕ್ಕ ಒಳಗೆ ಬಂದವಳು ಬಿಚ್ಚಿಟ್ಟ ಯಂತ್ರವನ್ನೂ ಇಬ್ಬರು ಗಂಡಸರ ಮುಖವನ್ನೂ ನೋಡಿದಳು. ಭಾವ ಬಾಯಿ ತೆರೆಯುವ ಮೊದಲೇ ಅವನು ಎಲ್ಲವನ್ನೂ ಹೇಳಿಬಿಟ್ಟ. ಅಕ್ಕ ಹೆಗಲ ಚೀಲವನ್ನೂ ಇಳಿಸದೆ ನಡುಪುಟವನ್ನು ಎರಡು ಸಲ ಓದಿದಳು.

"ನಕಲು ಮಾಡಿಟ್ಕೊಳ್ಳಿ ಅಂತ ಒಂದು ಮಾತು ಹೇಳೋದು ಹೊಳೀಲಿಲ್ವಾ ನಿಂಗೆ?"

"ಹೊಳೆದಿತ್ತಕ್ಕ. ಬರೆದೂ ಇದ್ದೆ. ಜಾಗ ಸಾಲ್ಲಿಲ್ಲ ಅಂತ ತೆಗೆದೆ."

"ಯಾವುದಕ್ಕೆ ಬೇಕಾಗಿತ್ತು ಜಾಗ?"

ಅವನು ಪುಟ ತಿರುಗಿಸಿ ಸಂಪಾದಕೀಯದ ಮೇಲೆ ಬೆರಳಿಟ್ಟ. ಅಕ್ಕ ಅದನ್ನೂ ಓದಿದಳು, ಪೂರ್ತಿ. ನಲವತ್ತು ಪ್ರತಿಗಳಲ್ಲಿ ಅದನ್ನು ಕೊನೆಯವರೆಗೂ ಓದಿದವಳು ಅವಳೊಬ್ಬಳೇ ಇರಬೇಕು. ಓದಿ ಮುಗಿಸಿ ಪತ್ರಿಕೆಯನ್ನು ಮಡಿಸಿಟ್ಟಳು.

"ಹೋದ ಹನ್ನೊಂದು ಯಾವುವು?"

ಅದು ಗೊತ್ತಾಗಬೇಕಾದರೆ ಉಳಿದ ಅರವತ್ತೊಂದನ್ನೂ ಕೇಳಬೇಕು ಎಂದ ಅವನು.

ಅಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. ಭಾವ ಒಂದು ಹಾಳೆಯ ಮೇಲೆ ಅರವತ್ತೊಂದು ಎಂದು ಬರೆದು ಕೆಳಗೆ ಅಂಕೆಗಳನ್ನು ಇಳಿಸಿದರು. ಅವನು ಹಾಕಿದ ಮೊದಲನೆಯ ಕಡತದಲ್ಲಿ ಅಕ್ಕನ ದನಿ ನಿಚ್ಚಳವಾಗಿ ಕೇಳಿತು: ಎಲೆಯ ಉಸಿರಾಟದ ಪಾಠ. ಭಾವ ಹೆಸರು ಬರೆದುಕೊಂಡರು. ಎರಡನೆಯದು ಅಯಸ್ಕಾಂತ. ಮೂರನೆಯದರಲ್ಲಿ ಅವಳು ಮೂಳೆಗಳ ಹೆಸರು ಹೇಳುತ್ತಿದ್ದಳು. ಐದಾರು ಮೂಳೆ ದಾಟುವಷ್ಟರಲ್ಲಿ ದನಿ ಕರಕರನೆ ಹರಿದು, ಬರೀ ಶಿಳ್ಳೆಯಾಗಿ, ನಿಂತೇಹೋಯಿತು.

ಅಕ್ಕ ಗಂಡನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಹಾಳೆಯ ಮೇಲಿನ ಅರವತ್ತೊಂದನ್ನು ಹೊಡೆದುಹಾಕಿ ಅರವತ್ತು ಎಂದು ಬರೆದಳು.

"ಮುಂದಿನದು ಹಾಕು," ಅಂದಳು.