ಚಿಕ್ಕನಂಜಮ್ಮ ಪೆನಾಂಗ್‌ನಲ್ಲಿ ಉಂಡದ್ದು

ಭಾರತೀನಗರದಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸುವ ಚಿಕ್ಕನಂಜಮ್ಮ ಯಾರ ಮದುವೆಗೆ ಹೋದರೂ ಗಂಡು ಹೆಣ್ಣನ್ನು ನೋಡುವ ಮೊದಲು ಅಡುಗೆಯವರ ಒಲೆ ಹತ್ತಿರ ಹೋಗಿ ನಿಲ್ಲುತ್ತಾಳೆ. ‘ಇದ್ಕೇನಾಕಿದ್ದೀರಿ?’ ಎಂದು ಕೇಳದೆ ಅವಳಿಗೆ ತುತ್ತು ಇಳಿಯುವುದಿಲ್ಲ.

ಕಳೆದ ಬೇಸಿಗೆಯಲ್ಲಿ ತಂಗಿಯ ಮಗಳು ಆಶಾರಾಣಿ ಅವಳನ್ನು ಮಲೇಷ್ಯಾ ಪ್ರವಾಸಕ್ಕೆ ಕರೆದೊಯ್ದಳು. ಪ್ರವಾಸದವರು ಅಡುಗೆಯವರನ್ನೂ ಜೊತೆಗೇ ತಂದಿದ್ದರು. ಹೋದಲ್ಲೆಲ್ಲ ಉಪ್ಪಿಟ್ಟು, ಚಿತ್ರಾನ್ನ. ಪೆನಾಂಗ್ ಬಂದರಿಗೆ ಬಂದ ಬೆಳಿಗ್ಗೆ ಚಿಕ್ಕನಂಜಮ್ಮ ತಟ್ಟೆ ಸರಿಸಿಬಿಟ್ಟಳು.

“ಉಪ್ಪಿಟ್ಟು ತಿನ್ನಕ್ಕೆ ಸಮುದ್ರ ದಾಟಿ ಬರ್ಬೇಕಿತ್ತಾ? ನಡಿ, ಬೀದೀಲಿ ತಿನ್ನಾನ.”

“ಹೊಟ್ಟೆ ಕೆಟ್ರೆ ಏನ್ಮಾಡ್ತೀಯ ದೊಡ್ಡವ್ವ? ಬಸ್ಸು ಬೇರೆ ಬೆಟ್ಟಕ್ಕೆ ಹೊರಡುತ್ತೆ.”

“ಕೆಟ್ರೆ ನನ್ನೊಟ್ಟೆ ತಾನೆ? ಬೆಟ್ಟ ನಮ್ಮಲ್ಲೂ ಅವೆ, ಬುಡು.”

ಇಬ್ಬರೂ ಹಳೆಯ ಪೇಟೆಯೊಳಗೆ ನಡೆದರು. ಚೀನೀ ಅಕ್ಷರದ ಅಂಗಡಿಗಳು ಮುಗಿದಲ್ಲಿ ಗೋಪುರ, ಅದೇ ಬೀದಿಯಲ್ಲಿ ಮುಂದೆ ಮಸೀದಿ. ಒಂದು ಗಾಡಿಯ ಮುಂದೆ ಚಿಕ್ಕನಂಜಮ್ಮನ ಕಾಲು ನಿಂತಿತು. ತಮಿಳು ಹೆಂಗಸೊಬ್ಬಳು ಶಾವಿಗೆ ಒತ್ತಿ, ಬೇಯಿಸಿ, ಮೇಲೆ ತೆಂಗಿನತುರಿ, ಬೆಲ್ಲದ ಪುಡಿ ಉದುರಿಸುತ್ತಿದ್ದಳು.

“ಲೇ ಆಸಾ, ಇದು ನಮ್ ಶಾವ್ಗೆ ಕಣೇ!”

ತನ್ನೂರಿನ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ತಮಿಳು ನೆರೆಯವರಿಂದ ಕಲಿತ ಹರಕು ತಮಿಳಿನಲ್ಲಿ ಅವಳು ಅಕ್ಕಿ ಯಾವುದು, ಹಿಟ್ಟು ಹುರಿಯುತ್ತೀರಾ ಎಂದೆಲ್ಲ ವಿಚಾರಿಸಿದಳು. ಆ ಹೆಂಗಸು ನಗುತ್ತ ಒತ್ತುವ ಅಚ್ಚನ್ನೇ ಅವಳ ಕೈಗೆ ಕೊಟ್ಟಳು. ಚಿಕ್ಕನಂಜಮ್ಮ ಒತ್ತಿದ ಎಳೆಗಳೆಲ್ಲ ತುಂಡು ತುಂಡಾದವು. ಗಾಡಿಯ ಸುತ್ತ ನಿಂತವರೆಲ್ಲ ನಕ್ಕರು, ಅವಳೂ ನಕ್ಕಳು.

ಮುಂದಿನ ತಿರುವಿನಲ್ಲಿ ಚೀನೀ ಮುದುಕನೊಬ್ಬ ಮಂಜುಗಡ್ಡೆಯ ಪುಡಿ, ತೆಂಗಿನ ಹಾಲು, ಬೆಲ್ಲದ ಪಾಕ ತುಂಬಿದ ಬಟ್ಟಲಿಗೆ ಹಸಿರು ಎಳೆಗಳನ್ನು ಸುರಿಯುತ್ತಿದ್ದ. “ಹುಳ ಇದ್ದಂಗಿದೆ,” ಎಂದು ಆಶಾರಾಣಿ ಹಿಂದೆ ಸರಿದಳು. ಚಿಕ್ಕನಂಜಮ್ಮ ಹಸಿರನ್ನು ತೋರಿಸಿ ಏನೆಂದು ಕೈಯಲ್ಲೇ ಕೇಳಿದಳು. ಮುದುಕ ಬಕೆಟ್ಟಿನಿಂದ ಉದ್ದನೆಯ ಎಲೆಯೊಂದನ್ನು ಎಳೆದು ಅವಳ ಮೂಗಿಗೆ ಹಿಡಿದ. ಸಣ್ಣಕ್ಕಿ ಅನ್ನ ಬೇಯುವಾಗಿನ ಘಮ! ಬಟ್ಟಲ ತಳದಲ್ಲಿ ಕೆಂಪು ಕಾಳೂ ಸಿಕ್ಕಿತು. ಸಿಹಿಗೆ ಕಾಳು ಹಾಕುತ್ತಾರೆಯೇ ಎಂದು ಅಚ್ಚರಿಪಡುತ್ತಲೇ ಅವಳು ಬಟ್ಟಲು ಬರಿದು ಮಾಡಿದಳು. ಒಂದು ಚಮಚ ರುಚಿ ನೋಡಿದ ಆಶಾರಾಣಿ ತನಗೂ ಒಂದು ಹೇಳಿದಳು.

ಮಧ್ಯಾಹ್ನ ಸಮುದ್ರದ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ಸಾಲಿಗೆ ಹೋದರು. ಹಲಗೆಯ ಸಂದಿನಲ್ಲಿ ನೀರು ತುಳುಕುತ್ತಿತ್ತು. ಬಾಗಿಲಲ್ಲಿ ಸೀಗಡಿ ಸುಲಿಯುತ್ತ ಕೂತಿದ್ದ ಚೀನೀ ಅಜ್ಜಿ, ಒಳಗೆ ಇಣುಕುತ್ತಿದ್ದ ಚಿಕ್ಕನಂಜಮ್ಮನನ್ನು ಕಂಡು ಕೈಬೀಸಿ ಕರೆದಳು. ಅಡುಗೆಮನೆಯ ಹಿಂಬಾಗಿಲು ತೆರೆದರೆ ಮೆಟ್ಟಿಲೂ ಇಲ್ಲ, ಅಂಗಳವೂ ಇಲ್ಲ. ನೇರ ಸಮುದ್ರ. ಚಿಕ್ಕನಂಜಮ್ಮ ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ನಿಂತಳು. ಹೊರಡುವಾಗ ಅಜ್ಜಿ ಅವಳ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಏನೋ ಉದ್ದವಾಗಿ ಹೇಳಿದಳು.

ಊರಿಗೆ ಬಂದು ತಿಂಗಳುಗಳಾದವು. ಈಗಲೂ ಒಮ್ಮೊಮ್ಮೆ ಸೊಪ್ಪು ಬಿಡಿಸುತ್ತ ಕೂತವಳು ಕೇಳುತ್ತಾಳೆ:

“ಅಲ್ಲಾ, ಆಯಮ್ಮ ನಂಗೆ ಏನ್ ಯೋಳಿರ್ಬೋದು?”