ಲೋಕದ ಸಭೆಯೂ ನಮ್ಮ ಬೋರ್‌ವೆಲ್ ಸಂಘವೂ

ಸೊಗಡಿನ ಅವರೆಕಾಯಿ ಸುಲಿಯುವಾಗ ಟಿ.ವಿ. ವಾರ್ತೆ ಹಾಕಬಾರದು. ಆ ಘಮದ ಜೊತೆಗೆ ಹಿತವಾದ ಹರಟೆಯೇ ಚೆನ್ನ. ಆದರೆ ಹೋದ ವಾರ ನಮ್ಮನೆಯವರು ಹಾಕಿಬಿಟ್ಟರು. ಎಲ್ಲೋ ಯುದ್ಧ, ಮುರಿದ ಗೋಡೆಗಳ ನಡುವೆ ಕ್ಯಾನು ಹಿಡಿದು ನೀರಿಗೆ ಸಾಲುನಿಂತ ಹೆಂಗಸರು. ಆಮೇಲೆ ದೇಶದೇಶದ ಪ್ರತಿನಿಧಿಗಳು ಕೂತ ದೊಡ್ಡ ಸಭಾಂಗಣವೊಂದು ಬಂತು. ಯುದ್ಧ ನಿಲ್ಲಲಿ ಎಂದು ಹೆಚ್ಚಿನವರೆಲ್ಲ ಕೈ ಎತ್ತಿದರು. ಒಬ್ಬರು ಬೇಡವೆಂದು ಎತ್ತಿದರು. ಅಲ್ಲಿಗೆ ಮಾತು ಬಿದ್ದುಹೋಯಿತು.

"ಅಷ್ಟು ಜನ ಹೂಂ ಅಂದ್ರಲ್ಲ, ಮತ್ತೆ?" ಎಂದೆ.

"ಅಲ್ಲಿ ಐದು ದೇಶಕ್ಕೆ ತಡೆಯೋ ಅಧಿಕಾರ ಇದೆ ಕಣೇ. ಒಂದು ಬೇಡ ಅಂದ್ರೂ ಆಗಲ್ಲ."

"ನಮ್ಮ ಬೋರ್‌ವೆಲ್ ಸಂಘದ ಥರ."

ಅವರು ನಕ್ಕರು. ಲೋಕವನ್ನೆಲ್ಲ ಅಡುಗೆಮನೆಯ ಪಾವಿನಲ್ಲಿ ಅಳೆಯುವುದು ನನ್ನ ಚಾಳಿ, ಒಪ್ಪುತ್ತೇನೆ. ಆದರೂ ನೀವೇ ಕೇಳಿ ಹೇಳಿ.

ಇವರಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸವಾಗಿ ನಾವು ಲಗ್ಗೆರೆಗೆ ಬಂದ ಕಾಲಕ್ಕೆ ನಮ್ಮ ರಸ್ತೆಗೆ ಸರ್ಕಾರದ ಕೊಳಾಯಿ ನೀರಿರಲಿಲ್ಲ. ಎಲ್ಲರೂ ಸೇರಿ ಈಶ್ವರನ ಗುಡಿಯ ಪಕ್ಕ ಬೋರ್‌ವೆಲ್ ಕೊರೆಸಿ, ಅದರಿಂದ ಮನೆಮನೆಗೆ ನಲ್ಲಿ ಎಳೆಸಿಕೊಂಡಿದ್ದರು. ಹೆಚ್ಚು ಹಣ ಹಾಕಿದ ಐದು ಮನೆಯವರು ಸಂಘದ ಯಜಮಾನರು. ಯಾವುದೇ ತೀರ್ಮಾನಕ್ಕೂ ಐದು ಜನವೂ ಒಪ್ಪಬೇಕು. ಅವರಲ್ಲೊಬ್ಬರು ರುದ್ರಪ್ಪನವರು. ನೀರು ಬಿಡುವ ವಾಲ್ವ್‌ನ ಕೀಲಿಯೂ ಅವರ ಬಳಿಯೇ ಇತ್ತು. ಎತ್ತರದ ಆಳು, ಹಣೆತುಂಬ ವಿಭೂತಿ, ಗುಡಿಯ ಕೆಲಸಕ್ಕೆ ಎಲ್ಲರಿಗಿಂತ ಮುಂದು. ಕೆಟ್ಟವರೆಂದು ಆಗಲೂ ನನಗನ್ನಿಸಿರಲಿಲ್ಲ. ಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಒಂದು ಬೇಸಿಗೆಯಲ್ಲಿ ಅವರು ತಮ್ಮ ಕಾಂಪೌಂಡ್ ಗೋಡೆಯನ್ನು ಹಿಂದಿನ ಓಣಿಯೊಳಕ್ಕೆ ಸರಿಸಲು ಹೊರಟರು. ಓಣಿಯ ಲಕ್ಷ್ಮಿ ಅಡ್ಡ ನಿಂತಳು. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಹುಡುಗಿ, ಕಂಕುಳಲ್ಲಿ ಎಳೆಮಗು. ಮರುದಿನದಿಂದ ಹಿಂದಿನ ಓಣಿಗೆ ನೀರು ನಿಂತಿತು. ಗುಡಿಯೊಳಗೆ ಸಭೆ ಸೇರಿತು. ವಾಲ್ವ್ ತೆರೆಯಬೇಕೆಂದು ನಾಲ್ವರು ಹೇಳಿದರು. ರುದ್ರಪ್ಪನವರು ಕೈ ಎತ್ತಿ, "ನಾನು ಒಪ್ಪಲ್ಲ" ಎಂದರು. ತಮ್ಮ ಮೇಲಿನ ದೂರಿಗೆ ತಾವೇ ತೀರ್ಪು. ಲಕ್ಷ್ಮಿ ಕೆಲಸ ಮುಗಿಸಿ ಬಂದು ದೂರದ ಕೈಪಂಪಿನಿಂದ ನೀರು ಹೊರುತ್ತಿದ್ದಳು.

ನಮ್ಮ ಹೆಂಗಸರಲ್ಲಿ ಸೋಮವಾರದ ಶಿವಭಜನೆ ಮನೆಯಿಂದ ಮನೆಗೆ ಸುತ್ತುತ್ತಿತ್ತು. ಆ ಸಲ ಸರದಿ ರುದ್ರಪ್ಪನವರ ಮನೆಯದು. ಹೋಗುವುದು ಬೇಡವೆಂದು ನಾನಂದೆ. ಪಕ್ಕದ ಮನೆಯ ಸರೋಜಕ್ಕ ಒಪ್ಪಲಿಲ್ಲ. "ಹೋಗ್ದೆ ಇದ್ರೆ ಅವ್ರಿಗೆ ಚಾಪೆ ಹಾಸೋ ಕೆಲಸ ಉಳೀತು. ಹೋಗೋಣ, ಹಾಡೋಣ. ನೀರು ಮಾತ್ರ ಮುಟ್ಟೋದು ಬೇಡ."

ಹೋದೆವು, ಹಾಡಿದೆವು. ಭಜನೆ ಮುಗಿದ ಮೇಲೆ ರುದ್ರಪ್ಪನವರ ಹೆಂಡತಿ ಗೌರಮ್ಮ ಮಜ್ಜಿಗೆ ತಂದರು. ಇಂಗು, ಕೊತ್ತಂಬರಿ ಹಾಕಿದ ತಣ್ಣನೆಯ ಮಜ್ಜಿಗೆ. ನನ್ನ ಗಂಟಲು ಒಣಗಿ ಹೋಗಿತ್ತು. ಅಂದು ಶಿವನಲ್ಲಿ ನಾನು ಬೇಡಿದ್ದು ಮೋಕ್ಷವನ್ನಲ್ಲ, ಆ ಲೋಟದ ಕಡೆ ಕೈ ಹೋಗದಿರಲಿ ಎಂದು.

ಸರೋಜಕ್ಕ ಹೇಳಿದರು: "ಕುಂಕುಮ ಕೊಡು ಗೌರಮ್ಮ, ಸಂತೋಷವಾಗಿ ಇಟ್ಕೋತೀನಿ. ಮಜ್ಜಿಗೆ, ಲಕ್ಷ್ಮಿ ಮನೆ ನಲ್ಲೀಲಿ ನೀರು ಬಂದ ದಿನ ಬಂದು ಕುಡೀತೀನಿ."

ಒಳಗಿನಿಂದ ರುದ್ರಪ್ಪನವರ ದನಿ ಬಂತು. "ನೀರೇನಮ್ಮ ಪಾಪ ಮಾಡ್ತು?"

"ಅದನ್ನೇ ನಾವೂ ಕೇಳ್ತಿರೋದು, ರುದ್ರಪ್ಪನೋರೆ."

ಮರುದಿನ ಬೆಳಿಗ್ಗೆ ಗೌರಮ್ಮ ನಮ್ಮ ಬಾಗಿಲಿಗೆ ಬಂದು ಒಂದು ಲೋಟ ನೀರು ಕೇಳಿದರು. "ನಮ್ಮನೇದು ನನಗೂ ಗಂಟಲಲ್ಲಿ ಇಳೀತಿಲ್ಲ ಕಣಮ್ಮ" ಎಂದರು. ಹೆಂಡತಿ ಬೇರೆ ಮನೆಯಲ್ಲಿ ನೀರು ಕುಡಿದ ಸುದ್ದಿ ರುದ್ರಪ್ಪನವರಿಗೆ ಮುಟ್ಟಿತು. ಸಂಜೆಯೊಳಗೆ ವಾಲ್ವ್ ತೆರೆಯಿತು.

ಸರೋಜಕ್ಕ ಅಷ್ಟಕ್ಕೆ ಬಿಡಲಿಲ್ಲ. ಯಾರ ಮೇಲೆ ದೂರು ಇದೆಯೋ ಅವರು ತಮ್ಮ ಮಾತು ಹೇಳಿ, ತೀರ್ಮಾನದ ಹೊತ್ತಿಗೆ ಗುಡಿಯ ಜಗಲಿಯ ಮೇಲೆ ಹೋಗಿ ಕೂರಬೇಕು ಎಂಬ ಹೊಸ ನಿಯಮ ಬೇಕೆಂದರು. ಅದಕ್ಕೂ ಐವರೂ ಒಪ್ಪಬೇಕಲ್ಲ! ರುದ್ರಪ್ಪನವರು ಬಾಗಿಲಲ್ಲಿ ನಿಂತಿದ್ದ ಗೌರಮ್ಮನ ಮುಖ ನೋಡಿ, "ನನ್ನ ಕೈಯನ್ನ ನನ್ನ ಕೈಲೇ ಕಟ್ಟಿಸ್ತಿದೀರಿ" ಎನ್ನುತ್ತ ಕೈ ಎತ್ತಿದರು. ಗೋಡೆ ಸರಿಯಲಿಲ್ಲ. ಅವರ ಕುರ್ಚಿಯನ್ನೂ ನಾವು ಕಿತ್ತುಕೊಳ್ಳಲಿಲ್ಲ. ಸಾಯುವವರೆಗೂ ಸಂಘದಲ್ಲಿ ಮರ್ಯಾದೆಯಿಂದಲೇ ಇದ್ದರು.

ಇದನ್ನೆಲ್ಲ ನಾನು ನೆನಪಿಸಿದಾಗ ಇವರು, "ರುದ್ರಪ್ಪನ ಹತ್ರ ಬರೀ ಕೀಲಿ ಇತ್ತು. ಆ ದೇಶಗಳ ಹತ್ರ ಬಾಂಬ್ ಇದೆ" ಎಂದರು. ನಿಜವೇ. ದೇಶಗಳ ಯಜಮಾನರು ಮಜ್ಜಿಗೆಗೆ ಬಗ್ಗುವವರಲ್ಲ. ಆದರೆ ಒಂದು ಮಾತು. ನಾವು ರುದ್ರಪ್ಪನವರ ಮನೆಯ ನೀರು ನಿಲ್ಲಿಸಲಿಲ್ಲ. ಅವರ ಮನೆಯ ನೀರು ಕುಡಿಯಲಿಲ್ಲ. ಇವೆರಡೂ ಒಂದಲ್ಲ. ಮೊಂಡ ದೊರೆಯನ್ನು ಶಿಕ್ಷಿಸುತ್ತೇವೆಂದು ಅವನ ನಾಡಿನ ಕೂಸುಗಳ ಹಾಲು, ಔಷಧಿ ತಡೆದರೆ ಅವನಿಗೇನು ನಾಟೀತು? ಅವನಿಗೆ ಸಿಗುವ ಹಾರ, ಔತಣ, ಮರ್ಯಾದೆಯನ್ನು ಎಲ್ಲರೂ ಒಟ್ಟಿಗೆ ನಿಲ್ಲಿಸಲಿ. ಯುದ್ಧ ಹೂಡಿದವನು ಯುದ್ಧದ ಮಾತಿಗೆ ಕೈ ಎತ್ತದಂತೆ ಆ ದೊಡ್ಡ ಸಭೆಯೂ ಒಂದು ಜಗಲಿ ಕಟ್ಟಿಸಲಿ.

"ನೀನೇ ಹೋಗಿ ಹೇಳು" ಎಂದು ಇವರು ಅವರೆಕಾಯಿಗೆ ಕೈ ಹಾಕಿದರು.

ಅಷ್ಟು ದೂರ ಹೋಗಬೇಕಾಗಲಿಲ್ಲ. ಭಾನುವಾರ ಸಂಘದ ಸಭೆಯಿತ್ತು. ಈಗ ಇವರೇ ಅಧ್ಯಕ್ಷರು. ನಮ್ಮ ಕಾರು ಹತ್ತಿಸುವ ಸಿಮೆಂಟಿನ ಇಳಿಜಾರು ಚರಂಡಿಯನ್ನು ಮುಚ್ಚಿರುವುದರಿಂದ ಮಳೆನೀರು ಕಟ್ಟಿಕೊಳ್ಳುತ್ತಿದೆ ಎಂದು ದೂರು ಬಂದಿತ್ತು.

"ಅಧ್ಯಕ್ಷನೇ ಎದ್ದು ಹೋದ್ರೆ ಚೆನ್ನಾಗಿರುತ್ತಾ?" ಎಂದರು ಇವರು.

"ಚೆನ್ನಾಗಿರುತ್ತೆ ಕಣ್ರೀ. ಬನ್ನಿ, ನಾನೂ ಜೊತೆಗೆ ಕೂರ್ತೀನಿ."

ಗುಡಿಯ ಜಗಲಿಯ ಮೇಲೆ ಕೂತೆವು. ಒಳಗೆ ನಮ್ಮ ಮಾತೇ ನಡೆಯುತ್ತಿತ್ತು. ಕೇಳಿಸುತ್ತಿತ್ತು, ಬಾಯಿ ಹಾಕುವಂತಿರಲಿಲ್ಲ. ಇವರು ಕಾಲು ಕುಣಿಸುತ್ತಿದ್ದರು. ಕೊನೆಗೆ ಹೊರಬಂದವಳು ಲಕ್ಷ್ಮಿ. ಈಗ ಅವಳೂ ಸಂಘದ ಸದಸ್ಯೆ. "ಅಣ್ಣಾ, ಚರಂಡಿ ಮೇಲಿನ ಭಾಗ ಒಡೀಬೇಕು ಅಂತ ಆಯ್ತು. ಬೇಜಾರ್ ಮಾಡ್ಕೋಬೇಡಿ."

ಇವರು ಜಗಲಿಯಿಂದ ಎದ್ದು, "ಆಯ್ತಮ್ಮ, ನಾಳೆನೇ ಮೇಸ್ತ್ರೀನ ಕರೆಸ್ತೀನಿ" ಎಂದರು. ಆ ಒಂದು ಮಾತಿಗೆ ಶಿವನಿಗೆ ಎಷ್ಟು ಕೈ ಮುಗಿದರೂ ಸಾಲದು.

ಇಂದು ಬೆಳಿಗ್ಗೆ ದೇವರ ದೀಪ ಹಚ್ಚಿದೆ. ಲೋಕಕ್ಕೆ ಶಾಂತಿ ಕೊಡಪ್ಪಾ ಎಂದು ದಿನವೂ ಬೇಡಿ ಎದ್ದುಬಿಡುತ್ತಿದ್ದೆ. ಇಂದು ಏಳಲಾಗಲಿಲ್ಲ. ಬಲವುಳ್ಳವರಿಗೆ ಎದ್ದು ಹೊರಗೆ ಕೂರುವ ಬುದ್ಧಿ ಕೊಡು, ಏಳದಿದ್ದರೆ ಅವರನ್ನು ಒಟ್ಟಾಗಿ ಎಬ್ಬಿಸುವ ಧೈರ್ಯ ಮಿಕ್ಕವರಿಗೆ ಕೊಡು ಎಂದೂ ಬೇಡಿಕೊಂಡೆ. ಬಾಗಿಲಾಚೆ ಮೇಸ್ತ್ರಿಯ ಸುತ್ತಿಗೆ ನಮ್ಮ ಸಿಮೆಂಟಿನ ಮೇಲೆ ಬೀಳುತ್ತಿತ್ತು.